ಆಷಾಢಕ್ಕೊಂದು ಕಾರು ಬೇಕಾಗಿದೆ

ಈಜು ಬಾರದವನು ದಡದಲ್ಲಿ ನಿಂತು ಈಜುವವರಿಗೆ ಬುದ್ಧಿ ಹೇಳುತ್ತಾನೆ; ಅಡುಗೆ ಬಾರದವನು ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾನೆ. ಅದೇ ನ್ಯಾಯದಲ್ಲಿ ನಾನು ಶಿವಮೊಗ್ಗದ ಹಳೇ ಕಾರು ಪ್ರಿಯರ ಸಂಘದ ಹಿರಿಯ ಸದಸ್ಯ. ನನಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯುವವರ ಲೈಸೆನ್ಸನ್ನು ಹಲವು ಸಲ ಮಾಡಿಸಿದ್ದೇನೆ. ಪ್ರತಿ ಸಲವೂ ಅದರ ವಾಯಿದೆ ಮುಗಿಯಿತೇ ಹೊರತು ನನ್ನ ಹೆದರಿಕೆಯದು ಮುಗಿಯಲಿಲ್ಲ. ನಮ್ಮ ಮನೆಯ ಪದ್ಮಿನಿ ಕಾರು ಮಾವನವರದು. ಅಳಿಯನ ಯೋಗ್ಯತೆಯ ವಿಷಯದಲ್ಲಿ ಅವರಿಗೆ ಯಾವ ಭ್ರಮೆಯೂ ಇಲ್ಲದ್ದರಿಂದ ಅದನ್ನು ನೇರವಾಗಿ ಮಗಳ ಹೆಸರಿಗೇ ಮಾಡಿಸಿಟ್ಟರು. ಹಾಗಾಗಿ ಓಡಿಸುವವಳು ನನ್ನ ಹೆಂಡತಿ ವತ್ಸಲಾ. ನಾನು ಎಡಗಡೆ ಕೂತು ಸಲಹೆ ಕೊಡುತ್ತೇನೆ. "ಹಂಪ್ ಇದೆ, ಹಂಪ್ ಇದೆ" ಎಂದು ನಾನು ಕೂಗುವುದು ಸಾಮಾನ್ಯವಾಗಿ ಹಂಪ್ ದಾಟಿದ ಮೇಲೆ. ವಿನೋಬನಗರದ ನಮ್ಮ ರಸ್ತೆಯಲ್ಲಿ ಇಷ್ಟು ವರ್ಷ ಓಡಾಡಿಯೂ ಒಂದು ಹಂಪನ್ನಾದರೂ ನಾನು ಸಮಯಕ್ಕೆ ಸರಿಯಾಗಿ ನೋಡಿಲ್ಲ.

ಇಂಥವನ ಕೈಗೆ ಸಂಘದವರು ಕ್ಯಾಲೆಂಡರಿನ ಕೆಲಸ ಕೊಟ್ಟರು. ಹನ್ನೆರಡು ತಿಂಗಳು, ಹನ್ನೆರಡು ಹಳೇ ಕಾರು, ಪುಟಕ್ಕೊಂದು ಬಣ್ಣದ ಫೋಟೋ. "ನೀವು ಕಾಲೇಜಲ್ಲಿ ಸಂಸ್ಕೃತ ಪಾಠ ಮಾಡಿದವರು ಮಾರಾಯ್ರೆ, ಅಕ್ಷರ ತಪ್ಪಿಲ್ಲದೆ ಮಾಡಿಸ್ತೀರಿ" ಎಂದರು ಅಧ್ಯಕ್ಷರಾದ ಶಿವಣ್ಣನವರು. ಅವರು ಅಡಿಕೆ ಮಂಡಿಯವರು. ರಾಶಿಯಿಂದ ಒಂದು ಗೋಟಡಿಕೆ ಎತ್ತಿ ಇಡೀ ಮೂಟೆಯ ಜಾತಕ ಹೇಳುವವರಿಗೆ ಮನುಷ್ಯರನ್ನು ಆರಿಸುವಾಗ ಮಾತ್ರ ಕೆಲವೊಮ್ಮೆ ಕೈ ತಪ್ಪುತ್ತದೆ.

ತೊಡಕು ಮೊದಲ ದಿನವೇ ಶುರುವಾಯಿತು. ಸಂಘದಲ್ಲಿದ್ದ ಕಾರುಗಳು ಹದಿಮೂರು. ಒಂದನ್ನು ಬಿಡಬೇಕು. ಸಮಿತಿಯವರು ಭದ್ರಾವತಿಯ ಸೆಲ್ವಿಯಮ್ಮನ ಅಂಬಾಸಿಡರನ್ನು ಬಿಟ್ಟರು. ಸೆಲ್ವಿಯಮ್ಮನ ಬಗ್ಗೆ ಸ್ವಲ್ಪ ಹೇಳಬೇಕು. ಕಾರ್ಖಾನೆಯ ಹಳೇ ಕ್ವಾರ್ಟರ್ಸಿನ ಹತ್ತಿರ ಆಕೆಯದೊಂದು ಇಡ್ಲಿ ಹೋಟೆಲು. ಗಂಡ ಟ್ಯಾಕ್ಸಿ ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಾಡಿ ಮಾರಿಬಿಡು ಎಂದವರಿಗೆಲ್ಲ ಆಕೆ ಒಂದೊಂದು ಇಡ್ಲಿ ಹೆಚ್ಚಿಗೆ ಹಾಕಿ ಬಾಯಿ ಮುಚ್ಚಿಸಿದರಂತೆ. ಈಗ ಆ ಗಾಡಿಯಲ್ಲೇ ಅಕ್ಕಿ, ತರಕಾರಿ, ಹಿಟ್ಟಿನ ಪಾತ್ರೆ ಎಲ್ಲ ಬರುತ್ತದೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಡಿತುಂಬ ಕನಕಾಂಬರ ಮುಡಿದು, ಆ ದಪ್ಪ ಗಾಡಿಯನ್ನು ಸಂತೆಯ ಓಣಿಯಿಂದ ಹಿಮ್ಮುಖವಾಗಿ ಹೊರಗೆ ತೆಗೆಯುವುದನ್ನು ನಾನು ಒಮ್ಮೆ ಕಣ್ಣಾರೆ ನೋಡಿದೆ. ಹಿಂದಿನ ಸೀಟಿನಲ್ಲಿ ಸಾಂಬಾರಿನ ಕೊಳಗ ಇತ್ತು. ಒಂದು ತೊಟ್ಟೂ ಚೆಲ್ಲಲಿಲ್ಲ. ನಾನು ಎಷ್ಟೋ ವಿದ್ವಾಂಸರ ಭಾಷಣ ಕೇಳಿದ್ದೇನೆ, ಅಷ್ಟು ಗೌರವ ಯಾರ ಮೇಲೂ ಹುಟ್ಟಿರಲಿಲ್ಲ.

"ಅದು ದುಡಿಯೋ ಗಾಡಿ ಮೇಷ್ಟ್ರೇ, ನೋಡೋ ಗಾಡಿ ಅಲ್ಲ. ಒಂದು ಬಾಗಿಲು ಒಂದು ಬಣ್ಣ. ಮೇಲೆ ಕ್ಯಾರಿಯರ್ ಬೇರೆ" ಎಂದರು ಶಿವಣ್ಣ. ನಾನು ತಲೆಯಾಡಿಸಿದೆ. ತಲೆಯಾಡಿಸಬಾರದಿತ್ತು. ಏಕೆಂದರೆ ಅದರ ಹಿಂದಿನ ಭಾನುವಾರವಷ್ಟೇ ಆಕೆಯ ಹೋಟೆಲಿನಲ್ಲಿ ಕೂತು, ಎರಡನೇ ಪ್ಲೇಟಿನ ಹುರುಪಿನಲ್ಲಿ, "ನಿಮ್ಮ ಗಾಡಿ ಇಲ್ಲದೆ ಕ್ಯಾಲೆಂಡರ್ ಆಗುತ್ತಾ ಸೆಲ್ವಿಯಮ್ಮಾ?" ಎಂದು ಹೇಳಿಬಂದಿದ್ದೆ. ಆಕೆ ಅದನ್ನು ಅಲ್ಲಿದ್ದ ಗಿರಾಕಿಗಳಿಗೆಲ್ಲ ಕೂಗಿ ಹೇಳಿದ್ದರು. ಗಲ್ಲಾಪೆಟ್ಟಿಗೆಯ ಮೇಲೆ, ಗಂಡನ ಫೋಟೋದ ಪಕ್ಕದಲ್ಲಿ, ಆಗಿಂದಾಗಲೇ ಒಂದು ಮೊಳೆಯನ್ನೂ ಹೊಡೆದುಬಿಟ್ಟರು. ಕ್ಯಾಲೆಂಡರು ಇನ್ನೂ ಹುಟ್ಟಿರಲಿಲ್ಲ, ಮೊಳೆ ಮಾತ್ರ ಗೋಡೆಯಲ್ಲಿತ್ತು. ಈಗ ಆ ಗಿರಾಕಿಗಳ ಮುಂದೆ ಆಕೆಯ ಮುಖ ಉಳಿಯಬೇಕಾದರೆ ಆ ಮೊಳೆಗೆ ಕ್ಯಾಲೆಂಡರು ತೂಗಬೇಕು, ಅದರಲ್ಲಿ ಆಕೆಯ ಕಾರಿರಬೇಕು. "ನಾನೇ ಆಕೆಗೆ ಹೇಳ್ತೀನಿ" ಎಂದು ಸಮಿತಿಯಲ್ಲಿ ಒಪ್ಪಿಕೊಂಡೆ. ಹೇಳಲಿಲ್ಲ. ಇಡ್ಲಿ ತಿನ್ನಲು ಹೋಗುವುದನ್ನೇ ನಿಲ್ಲಿಸಿದೆ.

ಫೋಟೋ ತೆಗೆಯಲು ಬಂದ ನಾಗೇಶ ಮದುವೆ ಫೋಟೋಗಳಲ್ಲಿ ಹೆಸರು ಮಾಡಿದವನು. ಅಭ್ಯಾಸಬಲ ಎಲ್ಲಿ ಹೋಗುತ್ತದೆ! ಪ್ರತಿ ಕಾರಿನ ಮುಂದೆಯೂ ನಿಂತು, "ಸ್ವಲ್ಪ ಈ ಕಡೆ ತಿರುಗ್ಲಿ... ಹಾಂ, ಮುಖ ಸ್ವಲ್ಪ ತಗ್ಗಲಿ" ಎನ್ನುತ್ತಿದ್ದ. ಸಂಘದಲ್ಲಿರುವ ದಂತವೈದ್ಯರೊಬ್ಬರ ಬೀಟಲ್ ಕಾರಿಗೆ ಮಲ್ಲಿಗೆ ದಂಡೆ ಮುಡಿಸಿದ. ನಮ್ಮ ಪದ್ಮಿನಿಯನ್ನು ಹೊಳಲೂರಿನ ರಸ್ತೆಗೆ ಕರೆಸಿದ. ಗದ್ದೆಯ ಹಸಿರಿನ ನಡುವೆ ಕಾರು ಓಡುತ್ತಿರಬೇಕು ಎಂದು ಅವನ ಆಸೆ. ಅಲ್ಲಿಯವರೆಗೆ ಚೆನ್ನಾಗಿಯೇ ಬಂದ ಕಾರು, ಕ್ಯಾಮೆರಾ ನೋಡಿದ್ದೇ ನಾಚಿಕೊಂಡು ನಿಂತುಬಿಟ್ಟಿತು. ಬ್ಯಾಟರಿ ಮಲಗಿತ್ತು. "ಪರವಾಗಿಲ್ಲ ಸಾರ್, ಅಕ್ಕ ಸ್ಟೇರಿಂಗ್ ಹಿಡೀಲಿ, ನೀವು ಹಿಂದೆ ಬಗ್ಗಿ ತಳ್ಳಿ. ಕಾಣಲ್ಲ" ಎಂದ. ತಳ್ಳಿದೆ. ಎಂಜಿನ್ನಿನ ಸದ್ದಿಲ್ಲದೆ, ನನ್ನ ಏದುಸಿರಿನ ಸದ್ದಿನಲ್ಲಿ ನಮ್ಮ ಪದ್ಮಿನಿ ಗಂಭೀರವಾಗಿ ಸಾಗಿತು. ಆ ಫೋಟೋ ಅಕ್ಟೋಬರ್ ಪುಟಕ್ಕೆ ಹೋಯಿತು. ಆಯುಧಪೂಜೆಯ ತಿಂಗಳಿಗೆ ನಮ್ಮ ಕಾರು ಹೇಗೆ ಬಂತು ಎಂದು ಯಾರೂ ಕೇಳಬಾರದು. ಪುಟ ಜೋಡಿಸಿದವನು ನಾನು, ಅಷ್ಟೇ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ಓದಿದ್ದು ಒಳಗೆ ಸುಮ್ಮನೆ ಕೂರುವುದಿಲ್ಲ. ಬರೀ ಜನವರಿ, ಫೆಬ್ರವರಿ ಎಂದು ಅಚ್ಚು ಹಾಕಿಸುವುದು ನನಗೆ ಬೋಳುಹಣೆಯಂತೆ ಕಂಡಿತು. ಪ್ರತಿ ಪುಟದ ತಲೆಯ ಮೇಲೂ ನಮ್ಮ ಮಾಸದ ಹೆಸರನ್ನು ಅಂದವಾದ ದಪ್ಪಕ್ಷರದಲ್ಲಿ ಸೇರಿಸಿದೆ. ಪ್ರೆಸ್ಸಿನವರು "ಬೇಕಾ ಸಾರ್?" ಎಂದು ಒಂದು ಮಾತು ಕೇಳಿದರು. "ಸಂಸ್ಕೃತಿ ಕಣ್ರೀ" ಎಂದೆ.

ಮಾದರಿ ಪ್ರತಿಯನ್ನು ಸಭೆಯಲ್ಲಿ ಬಿಡಿಸಿಟ್ಟಾಗ ಫೋಟೋಗಳನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ತಿಂಗಳ ಮೇಲೆ. ಜುಲೈ ಪುಟದಲ್ಲಿದ್ದದ್ದು ಶಿವಣ್ಣನವರ ಕಾಂಟೆಸಾ. ಅದರ ನೆತ್ತಿಯ ಮೇಲೆ ಕೊಬ್ಬರಿ ಮಿಠಾಯಿಯಷ್ಟು ದಪ್ಪ ಅಕ್ಷರದಲ್ಲಿ 'ಆಷಾಢ'. ಶಿವಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏನ್ ಮೇಷ್ಟ್ರೇ ಇದು? ಆಷಾಢದಲ್ಲಿ ಹೊಸ ಸೊಸೇನೇ ತವರಿಗೆ ಕಳಿಸ್ತೀವಿ. ನನ್ನ ಕಾರು ಮಾತ್ರ ಎಲ್ಲರ ಮನೆ ಗೋಡೆ ಮೇಲೆ ತಿಂಗಳಿಡೀ ನೇತಾಡ್ಬೇಕಾ?"

"ಜುಲೈ ಅಂದ್ಕೊಳ್ಳಿ ಶಿವಣ್ಣನವರೇ. ಅದೇ ತಿಂಗಳು ತಾನೇ" ಎಂದೆ.

"ಜುಲೈ ಆಗಿದ್ರೆ ನಂಗೇನೂ ತೊಂದ್ರೆ ಇರ್ಲಿಲ್ಲ. ಆಷಾಢ ಅಂತ ನೀವೇ ಬರ್ದಿದೀರಲ್ಲ!"

ಅಕ್ಷರ ಅಳಿಸುತ್ತೇನೆ ಎಂದರೆ, "ಒಂದ್ಸಲ ಕಣ್ಣಿಗೆ ಬಿದ್ದ ಮೇಲೆ ಮುಗೀತು" ಎಂದರು. ನೂರು ಮದುವೆಗೆ ವೀಳ್ಯ ಕೊಟ್ಟ ಮಂಡಿಯವರ ತರ್ಕ ಅದು. ದಂತವೈದ್ಯರನ್ನು ನೋಡಿದೆ. ಅವರು ವಿಚಾರವಾದಿ, ಗ್ರಹಣದ ಹೊತ್ತಿನಲ್ಲಿ ಊಟ ಮಾಡಿ ಅದನ್ನು ಹತ್ತು ಜನರಿಗೆ ಹೇಳುವವರು. "ಡಾಕ್ಟರೇ, ನೀವಾದರೂ ಜುಲೈಗೆ ಬನ್ನಿ" ಎಂದೆ. "ನನಗೆ ಇದರಲ್ಲೆಲ್ಲ ಒಂಚೂರೂ ನಂಬಿಕೆ ಇಲ್ಲ. ಆದರೆ ನಮ್ಮನೆಯವರು..." ಎಂದು ಅವರು ಚಾವಣಿಯ ಕಡೆ ನೋಡಿದರು. ಅಷ್ಟರಲ್ಲಿ ಅವರಿಗೇ ನೆನಪಾಯಿತು, ಅವರ ಬೀಟಲ್ ಇದ್ದದ್ದು ಸೆಪ್ಟೆಂಬರಿನಲ್ಲಿ. "ಅಂದಹಾಗೆ, ಪಿತೃಪಕ್ಷ ಯಾವಾಗ ಬರುತ್ತೆ?" ಎಂದರು. ಅಲ್ಲಿಗೆ ಸಭೆ ಕೈಮೀರಿತು. ಡಿಸೆಂಬರಿನವರು ಧನುರ್ಮಾಸ ಎಂದರು. ಎಲ್ಲರಿಗೂ ಅಕ್ಟೋಬರ್ ಬೇಕು. ಅಕ್ಟೋಬರಿನಲ್ಲಿ ಯಾರ ಕಾರಿದೆ ಎಂದು ಯಾರೋ ಪುಟ ಮಗುಚುವಷ್ಟರಲ್ಲಿ ನಾನು ಕಾಫಿ ತರಿಸುತ್ತೇನೆಂದು ಎದ್ದೆ. ಕೊನೆಗೆ ಕಾಫಿ ಕುಡಿದು ಉಳಿದವರು ಹೇಗೋ ಸಮಾಧಾನಗೊಂಡರು. ಶಿವಣ್ಣ ಮಾತ್ರ ಜುಲೈ ಬಿಟ್ಟು ಹೊರಗೇ ನಿಂತರು. "ಈ ವರ್ಷ ನನ್ನ ಕಾರಿಲ್ದೇ ಇದ್ರೂ ಪರವಾಗಿಲ್ಲ. ಆಷಾಢಕ್ಕೆ ಯಾರನ್ನಾದ್ರೂ ಹುಡುಕಿ" ಎಂದರು.

ಯಾರನ್ನು ಎಂದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಬೇಡ ಎಂದು ಬಿಟ್ಟಿದ್ದ ಕಾರು, ಬೇಡ ಎಂದು ಉಳಿದಿದ್ದ ತಿಂಗಳು. ಜೋಡಿ ಸರಿಯಾಗಿತ್ತು, ನನಗೆ ಮಾತ್ರ ನಾಚಿಕೆಯಾಯಿತು. ಊಟ ಮುಗಿದ ಮೇಲೆ ಉಳಿದದ್ದನ್ನು ಎಲೆಗೆ ಹಾಕಿ, ನಿಮಗಾಗಿಯೇ ಇಟ್ಟಿದ್ದೆವು ಎಂದು ಹೇಳಬೇಕಿತ್ತು.

ವತ್ಸಲಾ ಕಾರು ಓಡಿಸಿದಳು, ನಾನು ಭದ್ರಾವತಿಯವರೆಗೂ ಮಾತು ಜೋಡಿಸುತ್ತ ಹೋದೆ. ಹೋಟೆಲಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಬರಿ ಮೊಳೆ. ಸೆಲ್ವಿಯಮ್ಮ "ಏನ್ ಸಾರ್, ನಮ್ಮ ಇಡ್ಲಿ ಮೇಲೆ ಕೋಪಾನಾ?" ಎಂದು ತಟ್ಟೆ ಇಟ್ಟರು. ನಾನು ಕಾಲದ ಸ್ವರೂಪದಿಂದ ಶುರು ಮಾಡಿದೆ. ಎಲ್ಲ ದಿನಗಳೂ ದೇವರವೇ ಎಂದೆ. ತಿಂಗಳುಗಳಲ್ಲಿ ಮೇಲು ಕೀಳು ಎಂಬುದಿಲ್ಲ ಎಂದೆ. ಆಕೆ ಚಟ್ನಿಯ ಸೌಟು ಹಿಡಿದು ತಾಳ್ಮೆಯಿಂದ ಕೇಳಿ, "ಯಾವ ತಿಂಗಳು ಸಾರ್ ನಂದು?" ಎಂದರು.

"ಜುಲೈ" ಎಂದೆ, ಇಡ್ಲಿ ನೋಡುತ್ತ.

"ಜೂಲೈ ಅಂದ್ರೆ ಆಡಿ ತಾನೇ?"

ಆಡಿ ಎಂದರೆ ತಮಿಳರ ಆಷಾಢ. ಮುಗಿಯಿತು ಎಂದುಕೊಂಡೆ. ಸೌಟು ಹಾಗೇ ಪಾತ್ರೆಗೆ ಬಿತ್ತು. ಆಕೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಕಣ್ಣಲ್ಲಿ ನೀರು!

"ಆಡಿ ಕೊಟ್ರಾ ಸಾರ್ ನಂಗೆ? ನಮ್ಮ ಮಾರಿಯಮ್ಮನ ತಿಂಗಳು! ರಾಗಿ ಅಂಬಲಿ ಕಾಯ್ಸಿ ಈ ವಂಡೀಲೇ ಹಂಚ್ತೀನಿ. ಆಡಿ ಕೃತ್ತಿಕೆಗೆ ಕಾವಡಿ ಹೊರೋರನ್ನ ನಿಮ್ಮೂರು ಗುಡ್ಡೇಕಲ್ಲಿನ ದೇವಸ್ಥಾನಕ್ಕೆ ಕರ್ಕೊಂಡು ಬರೋದೂ ಇದೇ ವಂಡಿ. ನಾನು ಅದೇ ಕೇಳ್ಬೇಕು ಅಂತಿದ್ದೆ, ದೊಡ್ಡೋರು ಯಾರೋ ಮೊದಲೇ ತಗೊಂಡಿರ್ತಾರೆ ಅಂತ ಬಾಯಿ ಬಿಡ್ಲಿಲ್ಲ."

ನಾನು ಇಡ್ಲಿ ನುಂಗಿದೆ. ನುಂಗುವುದರಲ್ಲಿ ನಾನು ನಿಸ್ಸೀಮ. ವತ್ಸಲಾ ಹಾಗಲ್ಲ. "ಯಾರೂ ತಗೊಂಡಿರ್ಲಿಲ್ಲ ಸೆಲ್ವಿಯಮ್ಮಾ. ಆಷಾಢ ಅಂತ ಎಲ್ಲರೂ ಬೇಡ ಅಂದ್ರು. ಅದಕ್ಕೇ ನಿಮ್ಮ ಹತ್ರ ಬಂದಿದ್ದು" ಎಂದುಬಿಟ್ಟಳು.

ಸೆಲ್ವಿಯಮ್ಮ ಗೋಡೆಯ ಮೇಲಿದ್ದ ಗಂಡನ ಫೋಟೋ ಕಡೆ ತಿರುಗಿ, "ಕೇಳಿದ್ರಾ?" ಎಂದು ನಕ್ಕರು. "ನಮ್ಮೋರು ನಂಗೆ ಸ್ಟೇರಿಂಗ್ ಕೊಟ್ಟಿದ್ದೇ ಆಡೀಲಿ ಅಮ್ಮಾ. ಮದುವೆ ಇಲ್ಲ, ಬಾಡಿಗೆ ಇಲ್ಲ, ವಂಡಿ ಸುಮ್ನೆ ನಿಂತಿರ್ತಿತ್ತು. 'ಬಾ, ಈ ತಿಂಗಳು ನಿಂಗೆ' ಅಂದ್ರು. ಯಾರಿಗೂ ಬೇಡದ ತಿಂಗಳು ಆಗ್ಲೂ ನಂದೇ, ಈಗ್ಲೂ ನಂದೇ."

ಇಂಥ ಮನಸ್ಸು ನನಗಿದ್ದಿದ್ದರೆ ಎಂದು ಆಸೆಯಾಯಿತು.

ಮರುವಾರ ನಾಗೇಶ ಬಂದ. ಕ್ಯಾರಿಯರ್ ಬಿಚ್ಚಬೇಕು, ಪಾತ್ರೆ ಕಾಣಬಾರದು ಎಂದ. "ನಿನ್ನ ಮದುಮಗಳಿಗೆ ಒಡವೆ ಬಿಚ್ಚಿಸ್ತೀಯೇನಪ್ಪಾ?" ಎಂದರು ಸೆಲ್ವಿಯಮ್ಮ. ಅವನು ಕ್ಯಾಮೆರಾ ಎತ್ತಿಕೊಂಡ. ಹೀಗೆ ಜುಲೈ ಪುಟದಲ್ಲಿ, ಬಂಪರಿಗೆ ಬೇವಿನ ಸೊಪ್ಪು ಕಟ್ಟಿಕೊಂಡು, ತಲೆಯ ಮೇಲೆ ಬೆಳಗಿದ ಹಿತ್ತಾಳೆ ಕೊಳಗ ಹೊತ್ತುಕೊಂಡು, ಒಂದೊಂದು ಬಾಗಿಲಿಗೆ ಒಂದೊಂದು ಬಣ್ಣದ ಆ ಅಂಬಾಸಿಡರ್ ಭದ್ರಾ ಹೊಳೆಯ ಸೇತುವೆ ದಾಟುತ್ತಿದೆ. ನಿಜವಾಗಿಯೂ ದಾಟುತ್ತಿದೆ, ಯಾರೂ ತಳ್ಳುತ್ತಿಲ್ಲ. ಆಷಾಢದ ಪಕ್ಕದಲ್ಲಿ ಅಷ್ಟೇ ದಪ್ಪವಾಗಿ 'ಆಡಿ' ಎಂದೂ ಸೇರಿಸಿದೆ. ಪ್ರೆಸ್ಸಿನವರು ಈ ಸಲ ಏನೂ ಕೇಳಲಿಲ್ಲ.

ಹೊಸ ವರ್ಷಕ್ಕೆ ಕ್ಯಾಲೆಂಡರ್ ಬಂತು. ಶಿವಣ್ಣನವರು ಜುಲೈ ಪುಟವನ್ನು ಬಹಳ ಹೊತ್ತು ನೋಡಿ, "ಆ ಜಾಗದಲ್ಲಿ ನನ್ನ ಕಾರಿರ್ಬೇಕಿತ್ತು" ಎಂದರು. ಮಂಡಿಯಲ್ಲಿ ಅದೇ ಪುಟವನ್ನು ಜನವರಿಯಿಂದಲೇ ತೆರೆದು ತೂಗಿಹಾಕಿದ್ದಾರೆ. ನನ್ನ ಅಕ್ಟೋಬರ್ ಪುಟವನ್ನು ಮೊದಲು ಸರಿಯಾಗಿ ನೋಡಿದವರು ಸೆಲ್ವಿಯಮ್ಮ. ಮಾದರಿ ಪ್ರತಿಯಲ್ಲಿ ಯಾರ ಕಣ್ಣಿಗೂ ಬೀಳದ್ದು ಆಕೆಗೆ ಬಿತ್ತು. ಓಡುತ್ತಿರುವ ಪದ್ಮಿನಿಯ ಕೆಳಗೆ, ಹಿಂದಿನ ಎರಡು ಚಕ್ರಗಳ ನಡುವೆ, ಎತ್ತಿಕಟ್ಟಿದ ಪಂಚೆಯ ಅಂಚು ಮತ್ತು ಚಪ್ಪಲಿ ಹಾಕಿದ ಎರಡು ಕಾಲು. "ಸಾರ್, ನಿಮ್ಮ ಕಾಲು ಚೆನ್ನಾಗಿ ಬಂದಿದೆ" ಎಂದರು. ಆಮೇಲೆ ಊರಲ್ಲೆಲ್ಲ ಜನ ನನ್ನ ಮುಖ ನೋಡುವ ಮೊದಲು ಕಾಲು ನೋಡತೊಡಗಿದರು.

ಜುಲೈ ಬಂತು. ಒಂದು ಭಾನುವಾರ ಭದ್ರಾವತಿಗೆ ಹೋದೆವು. ಹೋಟೆಲಿನ ಗೋಡೆಯಲ್ಲಿ, ಅದೇ ಮೊಳೆಯಲ್ಲಿ, ಆಡಿ ತಿಂಗಳು ತೂಗುತ್ತಿತ್ತು. ಮೇಲೊಂದು ಮೊಳ ಹೂವು. ಗಿರಾಕಿಗಳು ಇಡ್ಲಿ ತಿನ್ನುತ್ತ ಅದನ್ನೇ ನೋಡುತ್ತಿದ್ದರು. ಸೆಲ್ವಿಯಮ್ಮ ನನ್ನ ಮುಂದೆ ಅಂಬಾಸಿಡರಿನ ಕೀ ಇಟ್ಟರು. "ಕಾಲು ಹೊರಗಿಟ್ಟಿದ್ದು ಸಾಕು ಸಾರ್, ಇನ್ಮೇಲೆ ಒಳಗಿಡಿ. ಹಿಂದೆ ಮೈದಾನ ಇದೆ. ನಾನು ಕಲಿಸ್ತೀನಿ. ಲೈಸೆನ್ಸು ಇದೆ ತಾನೇ?"

ಹೊಸದಾಗಿ ಮಾಡಿಸಿದ್ದು ವತ್ಸಲಾಳ ಚೀಲದಲ್ಲೇ ಇತ್ತು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು ಎಂದು ಆಗ ತಿಳಿಯಿತು. ತಪ್ಪಿಸಿಕೊಳ್ಳಲು ಏನಾದರೂ ಹೇಳಬೇಕಿತ್ತು. ಬಾಯಿಗೆ ಮೊದಲು ಬಂದದ್ದನ್ನು ಹೇಳಿದೆ. "ಈಗ ಬೇಡ ಸೆಲ್ವಿಯಮ್ಮಾ. ಹೊಸ ವಿದ್ಯೆ ಅಲ್ವಾ, ಆಷಾಢ ಕಳೀಲಿ."

ಗಿರಾಕಿಗಳ ತುತ್ತು ಕೈಯಲ್ಲೇ ಉಳಿಯಿತು. ಸೆಲ್ವಿಯಮ್ಮ ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ನೋಡಿದರು. "ಶ್ರಾವಣ ಬಂದ್ರೆ ಮಳೆ ಅಂತೀರಿ, ಆಮೇಲೆ ಪಿತೃಪಕ್ಷ ಅಂತೀರಿ, ಆಮೇಲೆ ಧನುರ್ಮಾಸ. ಏಳ್ರೀ ಮೇಲೆ" ಎಂದಳು ವತ್ಸಲಾ.

ಮೈದಾನದಲ್ಲಿ ಮೊದಲ ಸಲ ಬಲಗಡೆ ಕೂತೆ. ಪಕ್ಕದಲ್ಲಿ ಸೆಲ್ವಿಯಮ್ಮ, ಹಿಂದೆ ಖಾಲಿ ಕೊಳಗದ ಜೊತೆ ವತ್ಸಲಾ. ಹೇಳಿಕೊಟ್ಟಂತೆ ಗೇರು ಹಾಕಿ, ಇಷ್ಟದೇವರನ್ನೆಲ್ಲ ನೆನೆದು ಕ್ಲಚ್ಚಿನಿಂದ ಕಾಲು ತೆಗೆದೆ. ಇಷ್ಟು ವರ್ಷ ಆಡಿಯ ಅಂಬಲಿ ಹೊತ್ತ ಆ ಗಂಭೀರ ಗಾಡಿ ಕಪ್ಪೆಯಂತೆ ಒಂದು ಸಲ ನೆಗೆದು ನಿಂತುಬಿಟ್ಟಿತು. ಕೊಳಗ ಉರುಳಿ ಡಬಡಬ ಸದ್ದು ಮಾಡಿತು.

"ಹಂಪ್ ಇತ್ತೇನ್ರೀ?" ಎಂದು ಹಿಂದಿನಿಂದ ಕೇಳಿದಳು ವತ್ಸಲಾ.

ಮೈದಾನ ಅಂಗೈಯಷ್ಟು ಸಪಾಟಾಗಿತ್ತು. ತಪ್ಪನ್ನು ತಿಂಗಳ ಮೇಲೆ ಹಾಕೋಣವೆಂದರೆ, ಅದು ಸೆಲ್ವಿಯಮ್ಮನ ತಿಂಗಳು.