ನಮ್ಮ ಮಾವ ನಿಂತ ಸಾಲು

ನಾನು ದಿಲ್ಲಿಗೆ ಸೊಸೆಯಾಗಿ ಬಂದ ವಾರದಲ್ಲೇ ಮಾವ ಹೇಳಿದ್ದರು, "ಈ ಹುಡುಗಿ ಕೈಲಿ ಈ ಊರು ಆಗೋಲ್ಲ." ನನ್ನೆದುರೇ ಹೇಳಿದರು, ನಾನು ಮಾಡಿಕೊಟ್ಟ ಕಾಫಿ ಕುಡಿಯುತ್ತಾ. ಅವರು ಸರ್ಕಾರಿ ಕಚೇರಿಯ ಗುಮಾಸ್ತರು. ನನ್ನ ಶಾಲೆ ಮೂರನೇ ಕ್ಲಾಸಿಗೆ ನಿಂತಿತ್ತು. ಆ ಮಾತನ್ನು ಸುಳ್ಳು ಮಾಡಿಯೇ ತೀರುತ್ತೇನೆಂದು ಹಟ ತೊಟ್ಟೆ. ವಿಚಿತ್ರವೆಂದರೆ, ಅದನ್ನು ಸುಳ್ಳು ಮಾಡಲು ನನಗಿಂತ ಹೆಚ್ಚು ಒದ್ದಾಡಿದವರು ಅವರೇ. ಹಾಗಾಗಿ ನಮ್ಮ ಮನೆಯಲ್ಲಿ ನಗುವ ಪ್ರಸಂಗಗಳಿಗೆ ಎಂದೂ ಬರ ಬರಲಿಲ್ಲ.

ಕಾಣದ ಕಣ್ಣು

ಶಾಲೆ ಬಿಟ್ಟ ಮೇಲೆ ಓದು ನನಗೆ ಯಾರೂ ಕಲಿಸಲಿಲ್ಲ. ಹಿಂದಿಯನ್ನು ಬಸ್ಸಿನ ಬೋರ್ಡು ನೋಡಿ ಕಲಿತೆ. ಮರೆತುಹೋಗಿದ್ದ ಕನ್ನಡದ ಓದನ್ನು, ಊರಿಂದ ಅಂಚೆಯಲ್ಲಿ ತಡವಾಗಿ ಬರುತ್ತಿದ್ದ ವಾರಪತ್ರಿಕೆಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಹಿಡಿದೆ. ಮಾವ ನಿವೃತ್ತರಾದ ಮೇಲೆ ಒಂದು ದಿನ ಪತ್ರಿಕೆಯನ್ನು ನನ್ನ ಮುಂದೆ ತಳ್ಳಿದರು. "ಕಣ್ಣು ಮಂಜಾಗಿದೆ, ಓದಿ ಹೇಳಮ್ಮ."

ಓದಿದೆ. ಕಷ್ಟದ ಪದ ಬಂದ ಕಡೆ ಮೆಲ್ಲಗೆ ಹಾರಿಸಿಬಿಟ್ಟೆ. ಮಾವ ಗಡ್ಡ ಹೆರೆಯುತ್ತಿದ್ದವರು ಕನ್ನಡಿಯಲ್ಲೇ ನೋಡಿ, "ಅಲ್ಲೊಂದು ಪದ ಬಿಟ್ಟೆ" ಅಂದರು.

"ಕಣ್ಣು ಕಾಣೋಲ್ಲ ಅಂದ್ರಲ್ಲ ಮಾವ?"

"ಅಕ್ಷರ ಕಾಣೋಲ್ಲ ಕಣಮ್ಮ. ತಪ್ಪು ಕಾಣುತ್ತೆ."

ಮೆಟ್ರೋ ತಾಲೀಮು

ನಾವಿದ್ದ ದ್ವಾರಕಾಕ್ಕೆ ಮೆಟ್ರೋ ಬಂತು. ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ ಎಂದು ಕೇಳಿದ ಮಾವನಿಗೆ ನಿದ್ದೆ ಹಾರಿಹೋಯಿತು. ಮೊಮ್ಮಕ್ಕಳು ಸಿಕ್ಕಿಕೊಂಡರೆ? ಮಲಗುವ ಕೋಣೆಯ ಬಾಗಿಲನ್ನೇ ಮೆಟ್ರೋ ಮಾಡಿ, ಚಪ್ಪಾಳೆ ತಟ್ಟಿ ನಮ್ಮೆಲ್ಲರಿಗೂ ಹತ್ತಿ ಇಳಿಯುವ ಅಭ್ಯಾಸ ಮಾಡಿಸಿದರು. "ತಾತಾ, ಟ್ರೇನ್ ಹೀ ತೋ ಹೈ" ಎಂದು ನನ್ನ ಮಗಳು ಗೊಣಗಿದಳು, ಬರೀ ರೈಲು ತಾನೇ ಅಂತ. ಅವಳಿಗೆ ಇನ್ನೊಂದು ಸುತ್ತು ಬಿತ್ತು.

ಭಾನುವಾರ ನಿಲ್ದಾಣಕ್ಕೆ ಹೋದೆವು. ಮಾವ ಬಾಗಿಲ ಪಕ್ಕ ನಿಂತು ಮಗ, ಸೊಸೆ, ಮೊಮ್ಮಕ್ಕಳು ಎಂದು ಒಬ್ಬೊಬ್ಬರನ್ನೇ ಬೆನ್ನು ತಟ್ಟಿ ಒಳಗೆ ಕಳಿಸಿದರು. "ಎಲ್ಲರೂ ಹತ್ತಿದಿರಾ?"

"ಹತ್ತಿದ್ವಿ."

ಬಾಗಿಲು ಮುಚ್ಚಿಕೊಂಡಿತು. ಮಾವ ಹೊರಗೆ ನಿಂತು ತೃಪ್ತಿಯಿಂದ ಕೈ ಬೀಸುತ್ತಿದ್ದರು.

ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಬಂದೆವು. "ತಾತಾ, ಆಪ್ ಕ್ಯೂಂ ನಹೀಂ ಚಢೇ?" ಎಂದಳು ಮಗಳು, ನೀವ್ಯಾಕೆ ಹತ್ತಲಿಲ್ಲ ಅಂತ.

ಬೆಂಚಿನ ಮೇಲೆ ಕೂತಿದ್ದ ಮಾವ ಶಾಲು ಸರಿಮಾಡಿಕೊಂಡರು. "ಎಲ್ಲಾದರೂ ಮೇಷ್ಟ್ರು ಪರೀಕ್ಷೆ ಬರೀತಾರೇನೇ?"

ಗಿರಾಕಿ

ಓಲ್ಡ್ ರಾಜಿಂದರ್ ನಗರದಲ್ಲಿ ನಮ್ಮ ಕಡೆಯ ಹುಡುಗರು ರೂಮು ಹಿಡಿದು ಐಎಎಸ್ ಪರೀಕ್ಷೆಗೆ ಓದುತ್ತಾರೆ. ಅವರಿಗೆ ಊಟದ ಮೆಸ್ ಇಡುತ್ತೇನೆ ಅಂದೆ. ಮಾವ ಮತ್ತೆ ಅದೇ ಮಾತು: "ನಿನ್ನ ಕೈಲಿ ಆಗೋಲ್ಲ." ಬಳೆ ಮಾರಿ ಒಂದು ಕೋಣೆ ಬಾಡಿಗೆಗೆ ಹಿಡಿದೆ.

ಮೊದಲ ಮಧ್ಯಾಹ್ನ ಒಬ್ಬರೂ ಬರಲಿಲ್ಲ. ಎದುರಿನ ಪರಾಠಾ ಅಂಗಡಿಯಲ್ಲಿ ಜಾತ್ರೆ. ಸಾರು ಆರುತ್ತಿತ್ತು, ನನ್ನ ಧೈರ್ಯವೂ. ಆಗ ಮಾವ ಬಂದರು. ಒಳಗೆ ಬರಲಿಲ್ಲ. ಬಾಗಿಲಲ್ಲೇ ಕೈಕಟ್ಟಿ, ಮುಂದೆ ಇನ್ನೂ ಇಬ್ಬರಿದ್ದಾರೆ ಎಂಬಂತೆ ಜಾಗ ಬಿಟ್ಟು ನಿಂತರು. "ಬನ್ನಿ ಮಾವ" ಅಂದರೆ ಕಣ್ಣು ಕೆಂಪು ಮಾಡಿದರು. ಸ್ವಲ್ಪ ಹೊತ್ತಿಗೆ ಅವರ ಹಿಂದೊಬ್ಬ ನಿಂತ. ಅವನ ಹಿಂದೆ ಮತ್ತಿಬ್ಬರು.

ರಾತ್ರಿ ಮನೆಯಲ್ಲಿ ವಿವರಿಸಿದರು. "ಕಚೇರಿಯಲ್ಲಿ ನೋಡಿದ್ದೀನಮ್ಮ. ಸಾಲು ಕಂಡರೆ ನಮ್ಮ ಜನ ಯಾತಕ್ಕೆ ಅಂತ ಕೇಳೋಲ್ಲ, ನಿಂತುಬಿಡ್ತಾರೆ. ಮೆಸ್ಸಿನಲ್ಲಿ ಮಾತ್ರ ನೀನು ಯಾರೋ, ನಾನು ಯಾರೋ."

ಅಂದಿನಿಂದ ದಿನಾ ಮಧ್ಯಾಹ್ನ ಮೆಟ್ರೋ ಹತ್ತಿ ಬಂದು ಸಾಲಿನ ಮೊದಲಲ್ಲಿ ನಿಂತರು. ತಿಂದು ಎದ್ದಾಗ ಎಲ್ಲರಿಗೂ ಕೇಳುವಂತೆ, "ಉಪ್ಪು ಸಾಲದು" ಅಂತಲೂ ಅಂದರು. ಮನೆಗೆ ಬಂದು ಜಗಳಕ್ಕೆ ನಿಂತೆ.

"ಗಿರಾಕಿ ಅಂದ ಮೇಲೆ ದೂರಬೇಕು," ಅಂದರು ಮಾವ. "ದೂರದೆ ತಿಂದರೆ ಸಂಬಂಧಿ ಅಂತ ಗೊತ್ತಾಗಿಬಿಡುತ್ತೆ."

ಅಜ್ಜ ಬರಲಿಲ್ಲ

ಸಾಲು ತಾನೇ ನಿಲ್ಲುವಷ್ಟು ಮೆಸ್ ಬೆಳೆದ ಮೇಲೂ ಅವರು ಬರುವುದು ಬಿಡಲಿಲ್ಲ. ಒಂದು ಚಳಿಗಾಲದಲ್ಲಿ ಹೋಗಿಬಿಟ್ಟರು. ಮೊಮ್ಮಗಳ ಸ್ವೆಟರಿನ ಗುಂಡಿ ಹಾಕುತ್ತಾ ಕೂತವರು ಹಾಗೇ ಒರಗಿದರು.

ವೈಕುಂಠ ಸಮಾರಾಧನೆ ಮುಗಿಸಿ ಮೆಸ್ ತೆರೆದೆ. ವಿಜಯಪುರದ ಕಡೆಯ ಹುಡುಗನೊಬ್ಬ ತಟ್ಟೆ ಹಿಡಿದು ಕೇಳಿದ, "ಅಕ್ಕಾರ, ಆ ಅಜ್ಜಾರು ಕಾಣವಲ್ರಲ್ರೀ?"

"ತೀರಿಕೊಂಡರಪ್ಪ."

ಅವನ ಮುಖ ಸಣ್ಣದಾಯಿತು. ಆಮೇಲೆ ಸಿಟ್ಟು ಬಂತು. "ಎಲ್ಲಾ ಆ ಸೊಸಿಯಿಂದರೀ."

ಸೌಟು ನನ್ನ ಕೈಯಲ್ಲೇ ನಿಂತಿತು. "ಯಾವ ಸೊಸೆ?"

"ಅಜ್ಜಾರ ಸೊಸಿ. ದ್ವಾರಕಾದಿಂದ ಇಷ್ಟ ದೂರ ದಿನಾ ಯಾಕ ಬರ್ತೀರಿ ಅಂತ ನಾವು ಕೇಳಿದ್ವಿ. 'ಮನ್ಯಾಗ ಸೊಸಿಗೆ ಅಡಗಿ ಬರಂಗಿಲ್ಲ, ಈ ತಾಯಿ ಕೈ ಊಟ ಉಂಡರ ಜೀವ ಬಂದಂಗಾಗತೈತಿ' ಅಂದ್ರು. ಎಂಥಾಕಿ ಇರಬೇಕ್ರೀ ಆಕಿ?"

ಸಾಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಎಲ್ಲರಿಗೂ ಅವಳು ಗೊತ್ತಿದ್ದಳು.

"ಬಲು ಹಟಮಾರಿಯಂತೆ," ಅಂದೆ. ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಇವತ್ತು ಆ ಕೋಣೆ ನನ್ನ ಸ್ವಂತದ್ದು. ಪಕ್ಕದ್ದೂ ನನ್ನದೇ. ಬಾಗಿಲ ಮೇಲೆ ನಾನೇ ಬರೆದ ಕನ್ನಡ ಬೋರ್ಡಿದೆ, ಒಂದು ಪದವನ್ನೂ ಹಾರಿಸಿಲ್ಲ. ಇಷ್ಟಕ್ಕೆ ತೆತ್ತದ್ದು ನನ್ನ ಬಳೆ, ಮತ್ತೆ ಅಡುಗೆ ಬಾರದ ಸೊಸೆ ಎಂಬ ಹೆಸರು. ಬಳೆ ಮತ್ತೆ ಮಾಡಿಸಿಕೊಂಡೆ. ಹೆಸರು ಹಾಗೇ ಇದೆ.