ಭಾವನ ಸ್ಟೂಲು, ಮೂರಡಿ ತೋಟ

ಮುಂಬಯಿಯ ಲೋಕಲ್ ಟ್ರೇನಿಗೆ ಯಾವ ಹೊತ್ತಿನಲ್ಲಿ ಹತ್ತಿದರೂ ಕೂರಲು ಸೀಟು ಸಿಗುವ ಮನುಷ್ಯರು ಇಡೀ ಶಹರದಲ್ಲಿ ಒಬ್ಬರೇ ಒಬ್ಬರು. ಅವರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ. ಇದರಲ್ಲಿ ವಶೀಲಿಯೂ ಇಲ್ಲ, ಜಗಳವೂ ಇಲ್ಲ. ಸೀಟನ್ನು ಅವರು ಕಾಂದಿವಲಿಯ ಮನೆಯಿಂದಲೇ ಹೊತ್ತು ತರುತ್ತಾರೆ!

ಸೀಟು ಎಂದರೆ ಒಂದು ಮರದ ಸ್ಟೂಲು. ಭಾವ ಆಂಟಾಪ್ ಹಿಲ್ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದುಡಿದವರು. ಪ್ಲೇಟು ಎತ್ತುವ ಕೆಲಸದಿಂದ ಶುರುಮಾಡಿ ಮ್ಯಾನೇಜರ್ ತನಕ ಏರಿದರೂ ಅವರು ಅಲ್ಲಿ ಕೂತದ್ದನ್ನು ಕಂಡವರಿಲ್ಲ. ನಿವೃತ್ತಿಯ ದಿನ ಧಣಿಗಳು, ನೆನಪಿಗೆ ಏನು ಕೊಡಲಿ ಎಂದು ಕೇಳಿದರಂತೆ. ಬೇರೆ ಯಾರಾದರೂ ವಾಚು ಕೇಳುತ್ತಿದ್ದರು. ಇವರು ಗಲ್ಲಾದ ಹಿಂದಿನ ಸ್ಟೂಲು ಕೇಳಿದರು. ಅದು ಸಾಲದೆಂದು, ಮೊದಲೇ ಹೇಳಿಟ್ಟ ಗಿರಾಕಿಗಳ ಟೇಬಲ್ಲಿನ ಮೇಲೆ ಇಡುವ 'ರಿಸರ್ವ್ಡ್' ಎಂಬ ಹಿತ್ತಾಳೆಯ ಫಲಕವನ್ನೂ ಕೇಳಿ ತಂದರು. ಮನೆಯಲ್ಲಿ ಇರುವುದು ಇಬ್ಬರು. ಯಾರಿಗೆ ರಿಸರ್ವ್ ಮಾಡುವುದು?

ಸ್ಟೂಲು ಮನೆಗೆ ಬಂದ ವಾರವೇ ಭಾವ ಅದರ ನಾಲ್ಕೂ ಕಾಲುಗಳನ್ನು ನಾಲ್ಕು ಬೆರಳಿನಷ್ಟು ಗರಗಸದಿಂದ ಕೊಯ್ದರು. ಒಂದು ಕಾಲು ತುಸು ಹೆಚ್ಚೇ ಹೋಯಿತು. ಅಂದಿನಿಂದ ಆ ಕಾಲಿಗೆ ಮಡಚಿದ ರಟ್ಟಿನ ಚಪ್ಪಲಿ.

"ಒಳ್ಳೆಯ ಸ್ಟೂಲನ್ನು ಯಾಕೆ ಕೊಯ್ದದ್ದು ಭಾವ?" ಎಂದೆ.

"ಹೈಟ್ ಬರೋಬರ್ ಇರ್ಲಿಲ್ಲ ಮಾರಾಯ್ತಿ," ಎಂದರು. ಅಷ್ಟೇ ವಿವರಣೆ.

ಇಷ್ಟೆಲ್ಲ ಸನ್ನಾಹ ಯಾತಕ್ಕೆ ಎಂದರೆ, ಮನೆಯಲ್ಲಿ ಒಂದು ಸುಂದರವಾದ ತೋಟ ಮಾಡುವುದಕ್ಕೆ! ಅಕ್ಕನ ಮನೆ ಲಿಫ್ಟಿಲ್ಲದ ಹಳೆಯ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿದೆ. ತೋಟದ ಜಾಗ ಎಂದರೆ ಹಾಲ್‌ನ ಕಿಟಕಿಗೆ ಹೊರಚಾಚಿಕೊಂಡಿರುವ ಕಬ್ಬಿಣದ ಗ್ರಿಲ್ಲು. ಉದ್ದ ಮೂರಡಿ, ಅಗಲ ಒಂದೂವರೆ. ಉಳಿದವರು ಅದರಲ್ಲಿ ಒಡೆದ ಬಕೆಟ್ಟು, ಹಳೆಯ ಡಬ್ಬ ತುಂಬುತ್ತಾರೆ. ಮಂಡಿನೋವಿನಿಂದ ಅಕ್ಕ ಮೆಟ್ಟಿಲಿಳಿಯದೆ ವರ್ಷ ದಾಟಿತ್ತು. ಆ ಕಿಟಕಿಯ ಬಳಿ ಬೆತ್ತದ ಕುರ್ಚಿಯಲ್ಲಿ ಕೂತು ಬೀನ್ಸ್ ಸೋಸುತ್ತ, ಎದುರು ಬಿಲ್ಡಿಂಗಿನ ಸಂಡಾಸಿನ ಪೈಪನ್ನು ನೋಡುವುದು ಅವಳ ದಿನಚರಿ. "ಇಡೀ ದಿನ ಅದನ್ನೇ ನೋಡಿ ನೋಡಿ ಸಾಕಾಯ್ತು," ಎಂದು ಒಮ್ಮೆ ಅಂದಳಂತೆ. ಸರಿ, ಭಾವ ತೋಟದ ಘೋಷಣೆ ಹೊರಡಿಸಿದರು.

ನಾಲ್ಕು ಕುಂಡ ತಂದಿಟ್ಟರೆ ಮುಗಿಯಿತಲ್ಲ? ಮುಗಿಯುವುದಿಲ್ಲ! "ಮೊದಲು ಇನ್‌ಸ್ಪಿರೇಶನ್ ಬೇಕು," ಎಂದರು ಭಾವ. ಅದನ್ನು ಹುಡುಕುತ್ತ ಸ್ಟೂಲು ಹೊತ್ತುಕೊಂಡು ಮುಂಬಯಿ ಸುತ್ತತೊಡಗಿದರು. ಎಲ್ಲಿ ಹಸಿರು ಕಂಡರೂ ಸ್ಟೂಲು ಊರಿ, ಕೂತು, ಕತ್ತು ಆ ಕಡೆ ಈ ಕಡೆ ತಿರುಗಿಸಿ, ಹೋಟೆಲಿನ ಆರ್ಡರ್ ಪುಸ್ತಕದಲ್ಲಿ ಏನೋ ಗೀಚುವುದು. ತೋಟವನ್ನು ನಡೆದು ನೋಡುವವರನ್ನು ಕಂಡಿದ್ದೇನೆ, ನಿಂತು ನೋಡುವವರನ್ನೂ ಕಂಡಿದ್ದೇನೆ. ಮನೆಯಿಂದ ಆಸನ ತಂದು ನೋಡುವವರನ್ನು ನಾನಂತೂ ಕಂಡಿರಲಿಲ್ಲ.

ಒಮ್ಮೆ ಯಾವುದೋ ಹೊಸ ಟವರಿನ ತೋಟ ನೋಡಲು ಹೋದರಂತೆ. ಒಳಗೆ ಬೆಂಚಿರುವಾಗ ಸ್ಟೂಲು ಯಾಕೆಂದು ಗೇಟಿನ ವಾಚ್‌ಮನ್ ತಡೆದ. "ಅಂಕಲ್, ಅಂದರ್ ಬೆಂಚ್ ಹೈ ನಾ! ಸ್ಟೂಲ್ ಕಾಯ್ಕೂ?"

"ಬೆಂಚ್ ಕಾ ಹೈಟ್ ಬರೋಬರ್ ನಹೀ!" ಎಂದರು ಭಾವ, ಇಂಜಿನಿಯರನ ಗತ್ತಿನಲ್ಲಿ.

ವಾಚ್‌ಮನ್ ತಬ್ಬಿಬ್ಬಾಗಿ ಬಿಟ್ಟುಬಿಟ್ಟ. ಅರ್ಧ ಗಂಟೆಯಾದ ಮೇಲೆ ನೋಡಿದರೆ ವಾಚ್‌ಮನ್ ಸ್ಟೂಲಿನ ಮೇಲೆ ಕೂತಿದ್ದಾನೆ, ಭಾವ ಪಕ್ಕದಲ್ಲಿ ನಿಂತಿದ್ದಾರೆ! "ಮಸ್ತ್ ಗಾರ್ಡನ್ ಹೈ ಅಂಕಲ್," ಎಂದನಂತೆ ಪುಣ್ಯಾತ್ಮ, "ತೀನ್ ಸಾಲ್ ಸೇ ಡ್ಯೂಟಿ ಹೈ, ಆಜ್ ಪಹಲೀ ಬಾರ್ ದೇಖಾ." ಮೂರು ವರ್ಷ ಕಾವಲು ಕಾದ ತೋಟವನ್ನು ಅವನು ನೋಡಿದ್ದು ಅಂದೇ ಮೊದಲು!

ಇನ್ನೊಮ್ಮೆ ನಾನೂ ಅವರ ಜೊತೆ ಹೋಗಿ ಸಿಕ್ಕಿಬಿದ್ದೆ. ರೈಲು ಹಳಿಯ ಪಕ್ಕದಲ್ಲಿ ಸೊಪ್ಪು ಬೆಳೆಯುತ್ತಾರಲ್ಲ, ಅದನ್ನು ನೋಡುವ ಕಾರ್ಯಕ್ರಮ. ಭಾವ ಲೋಕಲ್ ಟ್ರೇನಿನ ಡಬ್ಬಿಯ ಬಾಗಿಲ ಹತ್ತಿರ ಸ್ಟೂಲು ಹಾಕಿ ರಾಜನ ಹಾಗೆ ಕೂತರು. ಪಕ್ಕದಲ್ಲಿ ನೇತಾಡುತ್ತಿದ್ದವನೊಬ್ಬ, "ಕಾಕಾ, ಘರ್ ಶಿಫ್ಟ್ ಕರ್ ರಹೇ ಹೋ ಕ್ಯಾ?" ಎಂದ, ಮನೆ ಬದಲಿಸುತ್ತಿದ್ದಾರೆಂದು ತಿಳಿದು.

"ನಹೀ, ಗಾರ್ಡನ್ ಬನಾ ರಹಾ ಹೂಂ."

ಟ್ರೇನಿನಲ್ಲಿ ಸ್ಟೂಲು ಹಾಕಿ ತೋಟ ಮಾಡುವವರು! ತಲೆ ಕೆಟ್ಟವರೆಂದು ಭಾವಿಸಿ ನಾಲ್ಕು ಜನ ಹಿಂದೆ ಸರಿದರು. ಆ ನೂಕುನುಗ್ಗಲಿನಲ್ಲಿ ಸುತ್ತ ಎರಡಡಿ ಜಾಗ! ನಾನು ಇವರಿಗೆ ಸಂಬಂಧವೇ ಇಲ್ಲದವಳಂತೆ ಮುಖ ತಿರುಗಿಸಿ ಫ್ಯಾನು ನೋಡುತ್ತ ನಿಂತೆ. ಅಷ್ಟರಲ್ಲಿ ಭಾವ ಇಡೀ ಡಬ್ಬಿಗೆ ಕೇಳುವ ಹಾಗೆ, "ಏ ಮಾರಾಯ್ತಿ, ಬಸಳೆ ನೋಡು, ಬಸಳೆ! ಎಂಥಾ ಚಂದ ಹಬ್ಬಿದೆ!" ಎಂದು ಕೂಗಿದರು. ಈಗ ಎಲ್ಲರ ಕಣ್ಣೂ ನನ್ನ ಮೇಲೆ!

ಎಂಟು ತಿಂಗಳ ಸುತ್ತಾಟದ ಬಳಿಕ ಕೊನೆಗೂ ತೋಟ ಎದ್ದಿತು. ಆರು ಕುಂಡ, ಅದರಲ್ಲೊಂದು ಮಲ್ಲಿಗೆ; ಮೇಲಿಂದ ಉದ್ದ ತಂತಿಯಲ್ಲಿ ಇಳಿಬಿಟ್ಟ ಒಂದು ಮನಿಪ್ಲಾಂಟು. ಕುಂಡಗಳಿಗೆಲ್ಲ ಟೇಬಲ್ ನಂಬರು! ಬೆಳಿಗ್ಗೆ ಎದ್ದು ಹೆಗಲಿಗೆ ಟವೆಲು ಹಾಕಿ, "ಮೂರಕ್ಕೆ ಒಂದು ಫುಲ್ ನೀರು, ಐದಕ್ಕೆ ಹಾಫ್!" ಎಂದು ಅಡಿಗೆಮನೆಯ ಕಡೆಗೆ ಕೂಗುತ್ತಾರೆ. ಅಡಿಗೆಮನೆಯಲ್ಲಿ ಯಾರೂ ಇರುವುದಿಲ್ಲ. ತಾವೇ ಒಳಗೆ ಹೋಗಿ, ತಾವೇ ತುಂಬಿ, ತಾವೇ ತಂದು ಬಡಿಸುತ್ತಾರೆ. ಗೊಬ್ಬರವೂ ಹೋಟೆಲಿನದೇ. ಒಮ್ಮೆ ಹುಳಿ ಬಂದ ದೋಸೆ ಹಿಟ್ಟನ್ನು ನೀರು ಮಾಡಿ ಎಲ್ಲ ಗಿಡಗಳಿಗೂ ಹೊಯ್ದರು. ಮರುದಿನ ಕುಂಡಗಳಲ್ಲೆಲ್ಲ ನೊರೆ ಉಕ್ಕಿ, ವಾಸನೆ ಬಿಲ್ಡಿಂಗೆಲ್ಲ ಹಬ್ಬಿತು. ಕೆಳಗಿನ ಮನೆಯ ಗುಜರಾತಿ ಹೆಂಗಸು ಏದುಸಿರು ಬಿಡುತ್ತ ಹತ್ತಿ ಬಂದು ಬಾಗಿಲು ಬಡಿದಳು. ಇವತ್ತು ಜಗಳ ಗ್ಯಾರಂಟಿ ಎಂದುಕೊಂಡೆವು. ಆಕೆ ಸಂಕೋಚದಿಂದ, "ಅಣ್ಣಾ, ಆಜ್ ಇಡ್ಲಿ ಹೈ ಕ್ಯಾ? ಸುಬಹ್ ಸೇ ಖುಶ್ಬೂ ಆ ರಹೀ ಹೈ," ಎಂದಳು. ಪರಿಮಳಕ್ಕೆ ಸೋತು ಬಂದವಳಿಗಾಗಿ ಪಾಪ, ಅಕ್ಕ ನೋಯುವ ಮಂಡಿಯಲ್ಲಿ ನಿಂತು ಇಡ್ಲಿ ಬೇಯಿಸಬೇಕಾಯಿತು.

ಇಷ್ಟಾಗಿಯೂ ತೋಟ ಹೇಗಿತ್ತು? ನಿಜ ಹೇಳಬೇಕೆಂದರೆ, ನನಗೆ ಹಿಡಿಸಲಿಲ್ಲ. ಕಿಟಕಿಯೆದುರು ನಿಂತರೆ ಗಿಡಗಳೆಲ್ಲ ಎಲ್ಲೋ ಕೆಳಗೆ; ಮನಿಪ್ಲಾಂಟು ಹೊಟ್ಟೆಯ ಮಟ್ಟಕ್ಕೆ ಜೋತಾಡುತ್ತದೆ; ಎದುರಿಗೆ ಅದೇ ಸಂಡಾಸಿನ ಪೈಪು. ಸಾಲದ್ದಕ್ಕೆ ಮೂರನೇ ನಂಬರಿಗೂ ನಾಲ್ಕನೇ ನಂಬರಿಗೂ ನಡುವೆ ಗೇಣುದ್ದ ಜಾಗ ಬೋಳು ಬೋಳಾಗಿ ಬಿಟ್ಟು, ಗ್ರಿಲ್ಲಿನ ತಳಕ್ಕೆ 'ರಿಸರ್ವ್ಡ್' ಫಲಕ ಕಟ್ಟಿದ್ದಾರೆ!

"ಅಲ್ಲೊಂದು ದಾಸವಾಳ ಇಡಿ ಭಾವ. ಹಲ್ಲು ಬಿದ್ದ ಬಾಯಿ ಹಾಗೆ ಕಾಣ್ತದೆ."

"ಆಗೂದಿಲ್ಲ. ಅದು ಬುಕ್ ಆಗಿ ಉಂಟು."

ನಾನು ಸುಮ್ಮನಿರುವ ಜಾತಿಯವಳಲ್ಲ. ಮುಂದಿನ ಭಾನುವಾರ ದಹಿಸರಿನ ನನ್ನ ಮನೆಯಿಂದ ಒಂದು ದಾಸವಾಳದ ಕುಂಡ ಹೊತ್ತು ತಂದೆ. ಭಾವ ಮನೆಯಲ್ಲಿರಲಿಲ್ಲ; ತೋಟ ಆದ ಮೇಲೂ ಇನ್‌ಸ್ಪಿರೇಶನ್ ಮುಗಿದಿರಲಿಲ್ಲ, ಸ್ಟೂಲು ಹೊತ್ತು ಎಲ್ಲಿಗೋ ಹೋಗಿದ್ದರು. ಒಳ್ಳೆಯ ಸಮಯವೆಂದು ಫಲಕ ಬಿಚ್ಚಿ, ಆ ಸಂದಿನಲ್ಲಿ ಕುಂಡವನ್ನು ತುರುಕಿದೆ.

"ತೆಗಿ ಅದನ್ನು!"

ಬೆಚ್ಚಿಬಿದ್ದೆ. ಅಕ್ಕ ನನಗೆ ಹಾಗೆ ಗದರಿದ್ದು ನೆನಪೇ ಇಲ್ಲ. ಕುಂಡವನ್ನು ತೆಗೆದೆ. ಅಕ್ಕ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದು, "ನೀನು ನಿಂತುಕೊಂಡು ನೋಡ್ತಿ. ಬಾ, ಇಲ್ಲಿ ಕೂತು ನೋಡು," ಎಂದಳು.

ಕೂತೆ. ಪೈಪು ಮಾಯವಾಗಿತ್ತು! ಮನಿಪ್ಲಾಂಟಿನ ಎಲೆಗಳು ಅದನ್ನು ಪೂರ್ತಿ ಮುಚ್ಚಿದ್ದವು. ಮಲ್ಲಿಗೆ ಸರಿಯಾಗಿ ಮೂಗಿನ ಎದುರಿಗಿತ್ತು. ಎಲ್ಲಿ ನೋಡಿದರೂ ಹಸಿರು. ಮೂರು ಮತ್ತು ನಾಲ್ಕರ ನಡುವಿನ ಆ ಸಂದಿನಲ್ಲಿ ಮಾತ್ರ ಕೆಳಗೆ ಬಿಲ್ಡಿಂಗಿನ ಗೇಟು ಕಾಣುತ್ತಿತ್ತು. ಸ್ಟೂಲಿನ ಕಾಲು ಕೊಯ್ದದ್ದು ಯಾಕೆಂದು ಆಗ ಹೊಳೆಯಿತು. ಅದು ಈ ಕುರ್ಚಿಯ ಎತ್ತರ. ಎಂಟು ತಿಂಗಳು ಆ ಮನುಷ್ಯ ಮುಂಬಯಿಯ ತೋಟಗಳನ್ನೆಲ್ಲ ನನ್ನ ಅಕ್ಕನ ಕಣ್ಣಿನ ಮಟ್ಟದಲ್ಲಿ ಕೂತು ನೋಡಿ ಬಂದಿದ್ದರು. ನಾನು ಟ್ರೇನಿನಲ್ಲಿ ಮುಖ ತಿರುಗಿಸಿ ನಿಂತದ್ದು ನೆನಪಾಗಿ ನಾಚಿಕೆಯಾಯಿತು.

"ಹೋಟೆಲಿನಿಂದ ಇವರು ಬರುವಾಗ ನಾನು ಮಲಗಿ ಆಗಿರ್ತಿತ್ತು," ಎಂದಳು ಅಕ್ಕ. "ಇವರು ಮನೆಗೆ ಬರೂದನ್ನು ನಾನು ನೋಡ್ಲಿಕ್ಕೆ ಶುರುಮಾಡಿದ್ದೇ ಈಗ, ಈ ಸಂದಿನಲ್ಲಿ."

ಅಷ್ಟರಲ್ಲಿ ಗೇಟಿನಲ್ಲಿ ಭಾವ ಕಂಡರು. ತಲೆಯ ಮೇಲೆ ಸ್ಟೂಲು, ಕಂಕುಳಲ್ಲಿ ಆರ್ಡರ್ ಪುಸ್ತಕ. ನಿಂತು, ನಮ್ಮ ಕಿಟಕಿಯ ಕಡೆ ಮುಖವೆತ್ತಿ ಕೈಬೀಸಿದರು. ನಾನು ಗಡಬಡಿಸಿ ಎದ್ದು ಅಕ್ಕನನ್ನು ಅವಳ ಜಾಗದಲ್ಲಿ ಕೂರಿಸಿದೆ. ಮಂಡಿ ಮಡಚಿ ಕೂರುವುದಕ್ಕೆ ಅವಳಿಗೆ ಹೊತ್ತು ಬೇಕು. ಅಷ್ಟು ಹೊತ್ತೂ ಭಾವ ಆ ಬಿಸಿಲಿನಲ್ಲಿ, ತಲೆಯ ಮೇಲೆ ಸ್ಟೂಲು ಹೊತ್ತುಕೊಂಡು ಕಾಯುತ್ತ ನಿಂತೇ ಇದ್ದರು.

ಅಕ್ಕ ಕೈ ಎತ್ತಿದಳು. ಆಮೇಲೆಯೇ ಅವರು ಮೆಟ್ಟಿಲ ಕಡೆಗೆ ನಡೆದರು.