ಕೌದಿ ಕೋಟೆಯ ಪಾಡ್‌ಕಾಸ್ಟು

ತನ್ನ ಸ್ಟುಡಿಯೊಗೆ ಸೊಳ್ಳೆ ಬಂದರೂ ಕೆಮ್ಮು ನುಂಗಿಕೊಂಡು ಬರಬೇಕು ಎಂದು ಝೆನಿಷ್ ತನ್ನೂರಾದ ಓಶ್ ಪಟ್ಟಣದ ಚಹಾ ಅಂಗಡಿಗಳಲ್ಲೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಹೊರಗೆ ಸುಲೈಮಾನ್ ಬೆಟ್ಟವೇ ಉರುಳಿದರೂ ಒಳಗೆ ಅವನ ಪಾಡ್‌ಕಾಸ್ಟಿಗೆ ಚ್ಯುತಿಯಿಲ್ಲವಂತೆ.

ಸ್ಟುಡಿಯೊ ಎಂದರೆ ಬೇರೇನಲ್ಲ, ಹೆಂಡತಿ ಜಿಪಾರ ತವರಿನಿಂದ ತಂದ ಕೌದಿಗಳು. ಎಲ್ಲರೂ ಗೌರವದಿಂದ 'ಅಪಾ' ಎನ್ನುವ ಅತ್ತೆ ಅನಾರ್ಕಾನ್ ಮಗಳ ಮದುವೆಗೆಂದು ಕೈಯಾರೆ ಹೊಲಿದ ಅವನ್ನು ಕೋಟೆಯಂತೆ ಪೇರಿಸಿ, ನಡುವೆ ಮೈಕಿನೊಂದಿಗೆ ಹುದುಗಿದರೆ ಆಯಿತು. (ಬೇಸಿಗೆಯಲ್ಲಿ ಹೊರಬರುವಾಗ ಹಬೆಯಲ್ಲಿ ಬೆಂದ ಕಡುಬಿನಂತಿರುತ್ತಿದ್ದ.) ಕೋಟೆ ಹೊಗುವ ಮುನ್ನ ಗಡಿಯಾರದ ಬ್ಯಾಟರಿ ಕೀಳಬೇಕು, ಗುಂಯ್‌ಗುಟ್ಟುವ ಫ್ರಿಜ್ಜು ಆರಿಸಬೇಕು, ಹೊರಗೆ ಹೊರಡುವಾಗ ಅದನ್ನು ಮತ್ತೆ ಹಾಕಲು ಮರೆಯದಿರಲೆಂದು ಕಾರಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಬೇಕು. ಇಷ್ಟಾಗುವಷ್ಟರಲ್ಲಿ ಹೇಳಬೇಕಾದ್ದು ಮರೆತಿರುತ್ತಿತ್ತು. ಮತ್ತೆ ಹೊರಬಂದು ಶತಪಥ.

ಆ ದಿನದ ವಿಷಯ ಆತಿಥ್ಯ. "ಅತಿಥಿ ಅಪ್ಪನಿಗಿಂತ ದೊಡ್ಡವನು," ಎಂದು ಗದ್ಗದಿತನಾಗಿ ಶುರುಮಾಡಿದ. "ಅವನು ಬಂದರೆ ನಾವು ಕೂತ ಕೌದಿಯನ್ನೇ ಎಳೆದು ಹಾಸುತ್ತೇವೆ..."

ಕೋಟೆಯ ಗೋಡೆ ಅಲುಗಿತು. ಜಿಪಾರಳ ತಲೆ ತೂರಿಬಂತು.

"ರೀ, ಅಮ್ಮ ಬಂದಿದ್ದಾಳೆ. ಚಿಕ್ಕಮ್ಮಂದಿರೂ ಬಂದಿದ್ದಾರೆ. ಕೌದಿ ಕೊಡಿ."

"ಹೇಳದೆ ಕೇಳದೆ?"

"ಭೂಕಂಪ ಹೇಳಿ ಬರುತ್ತದೇನ್ರೀ? ಅಮ್ಮನೂ ಹಾಗೇ. ನಿಮಗೆ ಕಸುಬು ಅಂತ ಏನಾದರೂ ಇದೆಯಾ ಅಂತ ನೋಡೋಕೆ ಬಂದಿದ್ದಾಳೆ. ಇಲ್ಲ ಅಂದರೆ ಕೌದಿ ತವರಿಗೆ, ನೀವು ನಮ್ಮಣ್ಣನ ಟೈರ್ ಅಂಗಡಿಗೆ."

"ಸ್ವಲ್ಪ ಬಾಗಿಲಲ್ಲೇ ನಿಲ್ಲಿಸು ಮಾರಾಯ್ತಿ. ನಿಮ್ಮಮ್ಮ ಬಾಯಿ ತೆರೆದರೆ ತಾಷ್ಕೆಂಟಿನ ಕತ್ತೆಗಳು ಬೆದರಿ ಹಗ್ಗ ಕಿತ್ತುಕೊಳ್ಳುತ್ತವೆ."

ಜಿಪಾರ ಕೌದಿ ಎಳೆದೇಬಿಟ್ಟಳು. ಚಿಕ್ಕಮ್ಮನಿಗೊಂದು, ಇನ್ನೊಬ್ಬ ಚಿಕ್ಕಮ್ಮನಿಗೊಂದು, ನಗು ಕೇಳಿ ಬಂದ ಪಕ್ಕದ ಮನೆಯವರಿಗೊಂದು. ಗೋಡೆ ಕುಸಿದಂತೆಲ್ಲ ಝೆನಿಷ್ ಮುದುಡುತ್ತ, ಸರಿಯುತ್ತ, ಪಿಸುಗುಟ್ಟುತ್ತ ಹೋದ. ತಲೆಯ ಮೇಲುಳಿದ ಕಡೆಯ ಕೌದಿಯನ್ನು ಅತ್ತೆಯೇ ಎತ್ತಿದರು. ಕೆಳಗೆ ಅಳಿಯ ಮೈಕನ್ನು ಹಸುಗೂಸಿನಂತೆ ಅವಚಿಕೊಂಡು ಬೆವರುತ್ತಿದ್ದ.

ಅಡಿಗೆಮನೆಯಿಂದ ಜಿಪಾರಳ ದನಿ ಬಂತು: "ಅಮ್ಮಾ, ನೀನು ಕಳಿಸಿದ್ದ ಕೆನೆ ಹುಳಿತುಹೋಗಿದೆ. ಫ್ರಿಜ್ಜಿನಲ್ಲಿ ಕೆಡದೇ ಉಳಿದಿರೋದು ಕಾರಿನ ಕೀಲಿ ಒಂದೇ."

ಅತ್ತೆ ಕೌದಿಯ ಮೇಲೆ ಕಾಲು ಮಡಿಸಿ ಕೂತರು. "ಇದರೊಳಗೆ ದಿನವಿಡೀ ಏನು ಮಾಡ್ತೀಯಪ್ಪಾ? ಕೇಳಿಸು ನೋಡೋಣ."

ಹಿರಿಯರ ಮಾತು ಮೀರುವುದುಂಟೇ? ಝೆನಿಷ್ ಗುಂಡಿ ಒತ್ತಿದ. 'ಅತಿಥಿ ಅಪ್ಪನಿಗಿಂತ ದೊಡ್ಡವನು' ಎಂಬಲ್ಲಿಗೆ ಚಿಕ್ಕಮ್ಮಂದಿರು ಕಣ್ಣೊರೆಸಿಕೊಂಡರು. ಒಬ್ಬರಂತೂ ಹರಸಲೆಂದು ಅವನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮೈಕು ಆರಿಸದೆಯೇ ಹೆಂಡತಿಯೊಡನೆ ಮಾತಾಡಿದ್ದು ಅವನಿಗೆ ಆಗಲೇ ನೆನಪಾದದ್ದು. ಗುಂಡಿ ಅಲ್ಲಿ, ಕೈ ಇಲ್ಲಿ. ಕೊಸರಿದಷ್ಟೂ ಚಿಕ್ಕಮ್ಮನ ಹರಕೆ ಬಿಗಿಯಾಯಿತು.

ಭೂಕಂಪ ಬಂತು. ಅದರ ಹಿಂದೆಯೇ ತಾಷ್ಕೆಂಟಿನ ಕತ್ತೆಗಳೂ ಬಂದವು.

ಚಹಾ ಬಗ್ಗಿಸುತ್ತಿದ್ದ ಜಿಪಾರ ಸೂರು ನೋಡತೊಡಗಿದಳು. ವರ್ಷಗಟ್ಟಲೆ ಕೌದಿ ಪೇರಿಸಿದರೂ ಝೆನಿಷ್‌ಗೆ ದಕ್ಕದಿದ್ದ ಪರಿಪೂರ್ಣ ನಿಶ್ಶಬ್ದ ಆ ಕೋಣೆಯಲ್ಲಿ ನೆಲೆಸಿತು.

ಅತ್ತೆ ನಿಧಾನವಾಗಿ ರೊಟ್ಟಿ ಮುರಿದರು. "ಮೊದಲು ಹೇಳಿದ್ದು ನಿಜವೋ, ಆಮೇಲೆ ಹೇಳಿದ್ದು ನಿಜವೋ? ಅಷ್ಟಕ್ಕೂ ನಿನ್ನ ಕಸುಬಾದರೂ ಏನಪ್ಪಾ?"

"ಮೊದಲನೇದು ಕಾರ್ಯಕ್ರಮ, ಅಪಾ," ಎಂದ ಝೆನಿಷ್, ಕೈ ಬಿಡಿಸಿಕೊಳ್ಳುತ್ತ. "ಎರಡನೇದನ್ನ ಯಾರ ಕಿವಿಗೂ ಬೀಳದ ಹಾಗೆ ಕತ್ತರಿಸೋದೇ ನನ್ನ ಕಸುಬು. ನೀವು ಸ್ವಲ್ಪ ಬೇಗ ಬಂದುಬಿಟ್ಟಿರಿ."